ಲವಂಗದೆಣ್ಣೆಗೆ ಅನುಮತಿ ಇಲ್ಲ

"ಮೀನಿನ ಪರವಾಗಿ ಮಾತಾಡೋಕೆ ಹೋಗ್ತಿದ್ದೀಯ ತಾನೆ? ಹಾಗೇ ಬರ್ತಾ ಅರ್ಧ ಕೆಜಿ ಬಂಗುಡೆ ತಗೊಂಡ್ಬಾ ಮಾರಾಯ್ತಿ."

ಕಳೆದ ಬುಧವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದ ಮಾತಿದು. ನನಗೆ ನಗು ಬರಲಿಲ್ಲ. ಮಂಡಿ ಬೇರೆ ಹಿಡಿದುಕೊಂಡಿತ್ತು, ಭದ್ರಾವತಿ ಬಸ್ಸಿನಲ್ಲಿ ಸೀಟು ಸಿಗುವ ನಂಬಿಕೆ ಇರಲಿಲ್ಲ. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮದು ಮೀನು ತಿನ್ನುವ ಮನೆ. ವಾರಕ್ಕೊಮ್ಮೆಯಾದರೂ ಸಾರು ಕುದಿಯಬೇಕು. ಅಂಥವಳು ಈಗ ಮೀನುಗಳ ಯೋಗಕ್ಷೇಮ ನೋಡಿಕೊಳ್ಳುವ ಕಮಿಟಿಯ ಮೆಂಬರ್!

ಹೇಗೆ ಮೆಂಬರ್ ಆದೆ ಎಂದು ಕೇಳುತ್ತೀರಿ. ಹಿಂದೊಮ್ಮೆ ಇದೇ ಅಂಕಣದಲ್ಲಿ ತ್ಯಾವರೆಕೊಪ್ಪದ ಸಫಾರಿಗೆ ಹೋದ ಕಥೆ ಬರೆದಿದ್ದೆ. ಸಿಂಹ ತನ್ನ ಪಾಡಿಗೆ ಮಲಗಿತ್ತು, ಬಸ್ಸಿನಲ್ಲಿದ್ದ ನಾವು ಅದನ್ನು ಎಬ್ಬಿಸಲು ಸಿಳ್ಳೆ ಹೊಡೆಯುತ್ತಿದ್ದೆವು, ನಿಜವಾಗಿ ಬೋನಿನಲ್ಲಿದ್ದವರು ಯಾರು ಎಂದೆಲ್ಲ ಬರೆದ ನೆನಪು. (ಎಲ್ಲ ಅಂಕಣಕಾರರೂ ಜೀವನದಲ್ಲಿ ಒಮ್ಮೆ ಇಂಥದ್ದು ಬರೆಯುತ್ತಾರೆ. ಕ್ಷಮಿಸಿ.) ಅದನ್ನು ಓದಿದ ಒಬ್ಬರು, ಭದ್ರಾವತಿಯ ಆಚೆಗಿನ ಒಂದು ಕಾಲೇಜಿನ ಹಿರಿಯರು, ಫೋನ್ ಮಾಡಿದರು. ಕಾಲೇಜಿನ ಹೆಸರು ಬೇಡ ಬಿಡಿ. ಅಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಮೊದಲು ಒಂದು ಕಮಿಟಿ ಒಪ್ಪಬೇಕಂತೆ. ಅದರಲ್ಲಿ ವಿಜ್ಞಾನ ಗೊತ್ತಿಲ್ಲದ ಹೊರಗಿನವರು ಒಬ್ಬರು ಇರಬೇಕಂತೆ.

"ವಿಜ್ಞಾನ ಗೊತ್ತಿಲ್ಲದೇ ಇರೋದೇ ಕ್ವಾಲಿಫಿಕೇಷನ್ನಾ ಸಾರ್?" ಎಂದೆ.

"ಹೌದಮ್ಮಾ. ಅದಕ್ಕೇ ನಿಮ್ಮ ನೆನಪಾಯ್ತು" ಎಂದರು. ಹೈಸ್ಕೂಲಿನಲ್ಲಿ ಮೂರು ದಶಕ ಕನ್ನಡ ಪಾಠ ಮಾಡಿದವಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ಒಪ್ಪಿಕೊಂಡೆ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಹುಡುಗ ಹುಡುಗಿಯರೆಲ್ಲ ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ಮುಚ್ಚಿದವರಿಗೆ ನಿಂತವರು ಕಾಣುವುದಿಲ್ಲವಲ್ಲ, ಜಾಣರು.

ಮೀಟಿಂಗ್ ರೂಮು ತಂಪಾಗಿತ್ತು. ನನಗೆ ಫೋನ್ ಮಾಡಿದ ಹಿರಿಯರೇ ಅಧ್ಯಕ್ಷರು. ಹಣೆಗೆ ಗಂಧ, ಬಿಳಿ ಶರ್ಟು, ಮೆತ್ತಗಿನ ಮಾತು. ನಿಜವಾಗಿಯೂ ಒಳ್ಳೆಯ ಮನುಷ್ಯ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನಾನು ಒಳಗೆ ಬಂದಾಗ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು, ಫ್ಯಾನ್ ಜೋರಾಯಿತೇ ಎಂದು ಕೇಳಿದರು. ಅವರ ಪಕ್ಕದಲ್ಲಿ ಒಬ್ಬರು ಪಶುವೈದ್ಯರು, ಮೊಬೈಲಿನಲ್ಲಿ ಮುಳುಗಿದ್ದರು. ಎದುರಿಗೆ ಸೆಲ್ವಿ.

ಸೆಲ್ವಿ ಸಂಶೋಧನೆ ಮಾಡುವ ಹುಡುಗಿ. ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಮೀಟಿಂಗಿನಲ್ಲಿ ಇಂಗ್ಲಿಷ್. ನನ್ನನ್ನು ನೋಡಿ ಕನ್ನಡಕ್ಕೆ ಬಂದಳು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರಬಾರದೆಂದು ಮೈಲುತುತ್ತ, ಸುಣ್ಣ ಬೆರೆಸಿ ಔಷಧಿ ಹೊಡೆಯುತ್ತಾರಲ್ಲ, ಅದು ಮಳೆಯಲ್ಲಿ ತೊಳೆದು ಹಳ್ಳಕ್ಕೆ ಇಳಿದರೆ ಮೀನಿಗೆ ಏನಾಗುತ್ತದೆ? ಎಷ್ಟು ಬೆರೆತರೆ ಅಪಾಯ? ಇದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಹಳ್ಳದ ನೀರು ಹೊಳೆಗೆ ಬರುತ್ತದೆ, ಹೊಳೆಯ ನೀರು ನಮ್ಮ ನಲ್ಲಿಗೆ ಬರುತ್ತದೆ.

ಉತ್ತರ ಹುಡುಕುವ ದಾರಿ ಮಾತ್ರ ಹಳೆಯದು. ಗಾಜಿನ ತೊಟ್ಟಿಗಳಲ್ಲಿ ಬೆರಳುದ್ದದ ರೋಹು ಮರಿಗಳನ್ನು ಬಿಡುವುದು. ಒಂದರಲ್ಲಿ ಸ್ವಲ್ಪ ಮೈಲುತುತ್ತ, ಇನ್ನೊಂದರಲ್ಲಿ ಸ್ವಲ್ಪ ಜಾಸ್ತಿ, ಮತ್ತೊಂದರಲ್ಲಿ ಬರೀ ನೀರು. ಆಮೇಲೆ ಕಾಯುವುದು. ಯಾವ ತೊಟ್ಟಿಯಲ್ಲಿ ಎಷ್ಟು ಸಾಯುತ್ತವೆ ಎಂದು ಬರೆದುಕೊಳ್ಳುವುದು. ಇದರ ಮೊದಲ ಸುತ್ತಿಗೆ ಕಮಿಟಿ ಹಿಂದೆಯೇ ಒಪ್ಪಿಗೆ ಕೊಟ್ಟಾಗಿತ್ತು. ಆ ಸುತ್ತು ಆಗ ನಡೆಯುತ್ತಲೂ ಇತ್ತು.

ಸೆಲ್ವಿ ಈಗ ಕೇಳುತ್ತಿದ್ದದ್ದು ಒಂದೇ ಒಂದು ಬದಲಾವಣೆ.

"ಸಾಯೋವರೆಗೂ ಕಾಯೋದು ಬೇಡ ಸಾರ್. ಮೀನು ಬ್ಯಾಲೆನ್ಸ್ ತಪ್ಪಿ ಮಗುಚಿಬಿತ್ತು ಅಂದ್ರೆ ಅದು ಮತ್ತೆ ಏಳಲ್ಲ. ನಂಗೆ ಬೇಕಾದ ಉತ್ತರ ಅಲ್ಲಿಗೇ ಸಿಕ್ತು. ಆಗ ತಕ್ಷಣ ಅದನ್ನ ಎತ್ತಿ ಲವಂಗದೆಣ್ಣೆ ಹಾಕಿರೋ ನೀರಿಗೆ ಬಿಡ್ತೀನಿ. ಮಂಪರು ಬರುತ್ತೆ, ನಿದ್ದೆ ಹೋಗುತ್ತೆ, ಹಾಗೇ ಹೋಗ್ಬಿಡುತ್ತೆ. ಬೇರೆ ಕಡೆ ಎಲ್ಲಾ ಹೀಗೇ ಮಾಡ್ತಾರೆ ಸಾರ್."

ಲವಂಗದೆಣ್ಣೆ! ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತೇವಲ್ಲ, ಅದೇ. ನನಗೆ ಸಮಾಧಾನವಾಯಿತು. ಇದಕ್ಕೆ ಯಾರು ಬೇಡ ಎನ್ನುತ್ತಾರೆ? ಬೇಗ ಸಹಿ ಹಾಕಿ ಬೇಗ ಬಸ್ಸು ಹಿಡಿಯಬಹುದು ಎಂದುಕೊಂಡೆ.

ಅಧ್ಯಕ್ಷರು ಕನ್ನಡಕ ತೆಗೆದರು.

"ಅಂದ್ರೆ, ನಾವೇ ಕೊಲ್ಲೋದಾ?"

ಸೆಲ್ವಿ ತಲೆಯಾಡಿಸಿದಳು. "ಹೌದು ಸಾರ್. ಆದ್ರೆ ನೋವಿಲ್ಲದೆ."

"ಬೇಡಮ್ಮಾ. ಇಷ್ಟು ವರ್ಷದಲ್ಲಿ ನಮ್ಮ ಕಾಲೇಜಿನಲ್ಲಿ ಕೈಯಾರೆ ಕೊಂದಿದ್ದು ಅಂತ ಇಲ್ಲ. ಅದಾಗೇ ಹೋದ್ರೆ ಅದು ಬೇರೆ ಮಾತು. ಅದರ ಆಯುಸ್ಸು ಅಷ್ಟು. ನಾವು ಮುಂದೆ ನಿಂತು ಎತ್ತಿ ಎಣ್ಣೆಗೆ ಹಾಕೋದು, ಶಿವ ಶಿವಾ, ಮನಸ್ಸು ಒಪ್ಪಲ್ಲ."

ಅದಾಗೇ ಹೋದ್ರೆ! ನೀರಿಗೆ ವಿಷ ಹಾಕಿದ ಮೇಲೆ ಅದಾಗೇ ಹೋಗುವುದು ಎಂದರೆ ಏನು? ಪಶುವೈದ್ಯರು ಮೊಬೈಲಿನಿಂದ ತಲೆ ಎತ್ತಲಿಲ್ಲ.

ನಾನು ಬಾಯಿ ಬಿಟ್ಟೆ. "ಸಾರ್, ಹೇಗೂ ಸಾಯೋ ಮೀನು. ಬೇಗ, ನೋವಿಲ್ಲದೆ ಸಾಯ್ಲಿ ಅಂತ ತಾನೆ ಈ ಹುಡುಗಿ ಕೇಳ್ತಿರೋದು?"

ಅಧ್ಯಕ್ಷರು ನನ್ನ ಕಡೆ ತಿರುಗಿ, ಒಂಚೂರೂ ಕೊಂಕಿಲ್ಲದೆ, ತುಂಬಾ ಮೃದುವಾಗಿ ಹೇಳಿದರು. "ಬೇಜಾರು ಮಾಡ್ಕೋಬೇಡಿ ಅಮ್ಮಾ. ನಿಮ್ಮಲ್ಲಿ ತಿಂತೀರಿ. ಕೊಲ್ಲೋದು ಅನ್ನೋದು ನಿಮಗೆ ಅಷ್ಟು ದೊಡ್ಡದು ಅನ್ಸಲ್ಲ."

ಬೇಜಾರು ಮಾಡಿಕೊಂಡೆ. ಯಾಕೆ ಮಾಡಿಕೊಳ್ಳಬಾರದು? ಮೈಯೆಲ್ಲ ಉರಿಯಿತು. ತಿನ್ನುವವಳಿಗೆ ಕನಿಕರದ ಮೇಲೆ ಹಕ್ಕಿಲ್ಲವೇ? ಕನಿಕರ ಎನ್ನುವುದು ಅಡುಗೆಮನೆ ನೋಡಿ ಹಂಚುವ ರೇಷನ್ನೇ? ಆದರೆ ಈ ವಯಸ್ಸಿನಲ್ಲಿ ಸಿಟ್ಟು ಬಂದರೆ ನನಗೆ ಮಾತು ಬರುವುದಿಲ್ಲ, ಆಯಾಸ ಬರುತ್ತದೆ. ಸುಮ್ಮನೆ ಕೂತೆ.

ಎಣ್ಣೆಯ ವಿಷಯ ಅಲ್ಲಿಗೆ ಮುಗಿಯಿತು. ಮೈಲುತುತ್ತದ ತೊಟ್ಟಿಗಳ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ಏಕೆಂದರೆ ಅಲ್ಲಿ ಕೊಲ್ಲುವ ಮಾತೇ ಬರಲಿಲ್ಲ. ಕೊನೆಗೆ ಉಳಿದ ಮೀನುಗಳನ್ನು ಏನು ಮಾಡುವುದು ಎಂಬ ಮಾತು ಬಂತು. ಅಧ್ಯಕ್ಷರ ಮುಖ ಅರಳಿತು. "ಹೊಳೆಗೆ ಬಿಟ್ಬಿಡೋಣ. ಹೋದ ಸಲ ಬೇರೆ ಹುಡುಗನ ಪ್ರಯೋಗ ಮುಗಿದಾಗ್ಲೂ ನಾನೇ ಹೋಗಿದ್ದೆ. ಎಲ್ಲಾ ಸೇರಿ ಮಂಡಕ್ಕಿ ಹಾಕಿ ಬಿಟ್ಟು ಬಂದ್ವಿ." ಮೊಬೈಲಿನಲ್ಲಿ ಫೋಟೋ ತೋರಿಸಿದರು. ಭದ್ರೆಯ ದಂಡೆಯಲ್ಲಿ ಅಧ್ಯಕ್ಷರು ಪಂಚೆ ಮೇಲೆತ್ತಿ ಮೊಣಕಾಲು ನೀರಿನಲ್ಲಿ ನಿಂತು ಬಕೆಟ್ ಬಗ್ಗಿಸುತ್ತಿದ್ದಾರೆ. ಮುಖದಲ್ಲಿ ಎಂಥ ಸಂತೋಷ ಅಂತೀರಿ.

"ಸಾರ್, ಔಷಧಿ ನೀರಲ್ಲಿದ್ದ ಮೀನು ಹೊಳೆಗೆ ಬಿಡಬಾರ್ದು" ಎಂದಳು ಸೆಲ್ವಿ. ಊಟಕ್ಕೆ ತಡವಾಗಿದೆ ಎಂದು ಯಾರೋ ಬಾಗಿಲಲ್ಲಿ ನಿಂತು ಹೇಳಿದರು. ಎಲ್ಲರೂ ಎದ್ದರು.

ಊಟ ಚೆನ್ನಾಗಿತ್ತು. ಕೋಸಂಬರಿ, ಪಲ್ಯ, ಸಾರು, ಪಾಯಸ. ಅಧ್ಯಕ್ಷರು ನನ್ನ ಎಲೆಗೆ ತಾವೇ ಇನ್ನೊಂದು ಸೌಟು ಪಾಯಸ ಹಾಕಿಸಿದರು. ಸಿಟ್ಟು ಬಂದವರಿಗೂ ತಮ್ಮ ಮೇಲೆ ಸಿಟ್ಟು ಉಳಿಸಿಕೊಳ್ಳಲು ಬಿಡದ ಜನ ಇವರು. ಅದೇ ಕಷ್ಟ.

ಕೈ ತೊಳೆಯುವಾಗ ಸೆಲ್ವಿ ಪಕ್ಕಕ್ಕೆ ಬಂದಳು. "ಮೇಡಂ, ಒಂದ್ನಿಮಿಷ ಲ್ಯಾಬಿಗೆ ಬರ್ತೀರಾ? ನೀವಾದ್ರೂ ನೋಡಿ."

ಹೋದೆ. ಸಾಲಾಗಿ ತೊಟ್ಟಿಗಳು, ಗುಳುಗುಳು ಎನ್ನುವ ಗಾಳಿಯ ಪೈಪುಗಳು. ಬರೀ ನೀರಿನ ತೊಟ್ಟಿಯಲ್ಲಿ ಮರಿಗಳು ನನ್ನ ಕೈ ಕಂಡೊಡನೆ ತಿಂಡಿ ಸಿಗುತ್ತದೆಂದು ಗಾಜಿನ ಹತ್ತಿರ ಓಡಿ ಬಂದವು. ಕೊನೆಯ ತೊಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಮೀನು.

ಅದು ಪಕ್ಕಕ್ಕೆ ಮಗುಚಿಕೊಂಡಿತ್ತು. ಬಾಯಿ ನೀರಿನ ಮೇಲಕ್ಕೆ ತಂದು ತೆರೆಯುವುದು, ಮುಚ್ಚುವುದು. ಬಾಲ ಒಮ್ಮೆ ಬಡಿದು ನೆಟ್ಟಗಾಗಲು ನೋಡುವುದು, ಅರ್ಧ ಏಳುವುದು, ಮತ್ತೆ ಮಗುಚುವುದು, ತಳಕ್ಕೆ ಇಳಿಯುವುದು. ಮತ್ತೆ ಮೇಲೆ ಬರುವುದು. ಶಬ್ದವೇ ಇಲ್ಲ. ನಾಯಿಯಾಗಿದ್ದರೆ ಇಡೀ ಕಾಲೇಜಿಗೆ ಕೇಳುತ್ತಿತ್ತು. ನಾನು ಎಷ್ಟು ಮೀನು ಕೊಯ್ಯಿಸಿ ತಂದಿದ್ದೇನೋ ಲೆಕ್ಕವಿಲ್ಲ, ಒಂದು ಮೀನು ಹೀಗೆ ಸಾಯುವುದಕ್ಕೆ ಒದ್ದಾಡುವುದನ್ನು ನಿಂತು ನೋಡಿರಲಿಲ್ಲ.

"ಯಾವಾಗ..." ಎಂದೆ.

"ಇವತ್ತು ಹೋಗಲ್ಲ ಮೇಡಂ. ಇದು ಗಟ್ಟಿ. ಬೇರೆವೆಲ್ಲ ಹೋದ್ವು. ನಾನು ಮಧ್ಯೆ ಎತ್ತೋ ಹಾಗಿಲ್ಲ, ಮೊದಲನೇ ಒಪ್ಪಿಗೆ ಹಾಗಿದೆ. ಅದಕ್ಕೇ ಅಲ್ವಾ ಇವತ್ತು ಕೇಳಿದ್ದು? ಇವತ್ತು ಹೂಂ ಅಂದಿದ್ರೆ ಈಗ್ಲೇ ಎತ್ತಿಬಿಡ್ತಿದ್ದೆ." ಮೇಜಿನ ಮೇಲೆ ಪುಟ್ಟ ಬಾಟಲಿ ತಯಾರಾಗಿ ಇಟ್ಟಿದ್ದಳು. ಮುಚ್ಚಳ ತೆಗೆಯದೆಯೂ ಲವಂಗದ ವಾಸನೆ ಬರುತ್ತಿತ್ತು.

"ನಮ್ಮನೇಲೂ ಮೀನು ತಿಂತೀವಿ ಮೇಡಂ. ನಮ್ಮಮ್ಮ ಮೀನು ಸಾರು ಮಾಡಿದ್ರೆ ಕ್ವಾರ್ಟರ್ಸ್ ಲೈನಿಗೆಲ್ಲ ವಾಸನೆ ಹೋಗುತ್ತೆ. ನಂಗೆ ಅದೇನೂ ಅನ್ಸಲ್ಲ. ಇದು ಅನ್ಸುತ್ತೆ. ಇದನ್ನ ನೋಡ್ಕೊಂಡು ಕೂರೋದು..." ಕಣ್ಣು ತುಂಬಿತ್ತು, ಮುಖ ಆ ಕಡೆ ತಿರುಗಿಸಿಕೊಂಡಳು.

ನಾನು ಮಂಡಿ ಹಿಡಿದುಕೊಂಡೇ ಮೀಟಿಂಗ್ ರೂಮಿಗೆ ವಾಪಸ್ ನಡೆದೆ. ಅಧ್ಯಕ್ಷರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಪಶುವೈದ್ಯರು ಹೊರಡಲು ಬ್ಯಾಗು ಎತ್ತಿಕೊಂಡಿದ್ದರು.

"ಸಾರ್, ಒಂದು ಸಲ ಲ್ಯಾಬಿಗೆ ಬನ್ನಿ. ಒಂದು ಮೀನು ಇದೆ. ನೋಡಿ ಆಮೇಲೆ ತೀರ್ಮಾನ ಮಾಡಿ."

ಅವರ ಕೈ ನಿಂತಿತು. "ಇಲ್ಲಮ್ಮಾ. ನಂಗೆ ಅದೆಲ್ಲ ನೋಡೋಕಾಗಲ್ಲ. ಹೊಟ್ಟೆ ಕಿವುಚಿದ ಹಾಗಾಗುತ್ತೆ. ಅದಕ್ಕೇ ನಾನು ಆ ಕಡೆ ಕಾಲೇ ಇಡಲ್ಲ."

ಇಲ್ಲಿ ಸ್ವಲ್ಪ ನಿಲ್ಲೋಣ. ಸುಳ್ಳು ಹೇಳಲಿಲ್ಲ ಅವರು. ಮುಖ ನಿಜಕ್ಕೂ ಬಿಳಿಚಿತ್ತು. ಹೊಟ್ಟೆ ಕಿವುಚುವ ಸಂಕಟ ಅವರಿಗೂ ಇದೆ. ಆದರೆ ಆ ಸಂಕಟಕ್ಕೆ ಅವರು ಕಂಡುಕೊಂಡ ಔಷಧಿ, ಆ ಕಡೆ ಹೋಗದೇ ಇರುವುದು. ಅವರ ಬದಲಿಗೆ ಸೆಲ್ವಿ ನೋಡುತ್ತಾಳೆ. ಸೆಲ್ವಿಯ ಕಣ್ಣೆದುರು ಮೀನು ಅನುಭವಿಸುತ್ತದೆ.

ಇದು ಅವರೊಬ್ಬರ ಕಥೆಯೇ? ನಮ್ಮ ಬೀದಿಯಲ್ಲಿ ಯಾರೂ ಇಲಿ ಕೊಲ್ಲುವುದಿಲ್ಲ ಗೊತ್ತೇ? ಅಂಟಿನ ಬೋರ್ಡ್ ಇಡುತ್ತೇವೆ. ಬೆಳಗಾದರೆ ಇಲಿ ಅಂಟಿಕೊಂಡು ಕಿಚಕಿಚ ಎನ್ನುತ್ತಿರುತ್ತದೆ. ಮುಖ ಸಿಂಡರಿಸಿಕೊಂಡು ಬೋರ್ಡ್ ಸಮೇತ ಖಾಲಿ ಸೈಟಿಗೆ ಎಸೆದು ಬರುತ್ತೇವೆ. ಕೊಂದೆವೇ? ಇಲ್ಲಪ್ಪ! ಮನೆಯ ಬೆಕ್ಕು ಮರಿ ಹಾಕಿದರೆ ಕಣ್ಣು ಬಿಡುವ ಮೊದಲೇ ಗೋಣಿಚೀಲದಲ್ಲಿ ತುಂಬಿ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುತ್ತೇವೆ. "ಅಲ್ಲಿ ಊಟ ಸಿಗುತ್ತೆ, ಬದುಕ್ಕೊಳ್ತಾವೆ" ಎನ್ನುತ್ತೇವೆ. ಬದುಕಿಕೊಂಡವೇ ಎಂದು ಮರುದಿನ ಹೋಗಿ ನೋಡಿದವರು ಯಾರಾದರೂ ಇದ್ದರೆ ನನಗೆ ತಿಳಿಸಿ. ನಮಗೆ ಕೈ ಸ್ವಚ್ಛವಾಗಿರಬೇಕು, ಅಷ್ಟೆ. ಕೈಯ ಆಚೆ ಏನಾಯಿತು ಎನ್ನುವುದು ಬೇರೆಯವರ ಡಿಪಾರ್ಟ್‌ಮೆಂಟು.

ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ಅಲ್ಲಿ ಹೇಳಿದ್ದು ಇಷ್ಟೇ. "ಸಾರ್, ನಿಮಗೆ ನೋಡೋಕೂ ಆಗದೇ ಇರೋದನ್ನ ಆ ಹುಡುಗಿ ದಿನಗಟ್ಟಲೆ ನೋಡ್ತಾ ಕೂರ್ಬೇಕಾ?"

ಆಗ ಮಾತಾಡಿದ್ದು, ಇಡೀ ದಿನ ಬಾಯಿ ಬಿಡದ ಪಶುವೈದ್ಯರು.

"ಸಾರ್, ನಿಮ್ಮನೆ ನಾಯಿ ಮಲಗಿದಲ್ಲೇ ಆಗಿ, ನೀರೂ ಇಳೀದೆ ನರಳ್ತಿದ್ದಾಗ ನಂಗೆ ಫೋನ್ ಮಾಡಿದ್ರಲ್ಲ. ನೆನಪಿದೆಯಾ? 'ಡಾಕ್ಟ್ರೇ, ನೋಡೋಕಾಗ್ತಿಲ್ಲ, ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ' ಅಂತ ನೀವೇ ಅಂದಿದ್ರಿ. ಕೊಟ್ಟೆ. ನೀವು ಅದರ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರಿ."

ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಹೌದು, ನಿಜವಾಗಿ ಬಂತು. ಶರ್ಟಿನ ತೋಳಿನಿಂದ ಒರೆಸಿಕೊಂಡರು.

"ಅದು ನಮ್ಮನೆ ನಾಯಿ ಡಾಕ್ಟ್ರೇ" ಎಂದರು. "ಮಗು ಥರ ಸಾಕಿದ್ವಿ."

"ಅದಕ್ಕೆ ಆದ ನೋವೇ ಸಾರ್ ಇದಕ್ಕೂ. ಮೀನಿಗೆ ನೋವೇ ಆಗಲ್ಲ ಅಂತ ನಾವು ಓದೋವಾಗ ಹೇಳ್ತಿದ್ರು. ಈಗ ಹಾಗೆ ಹೇಳೋ ಹಾಗಿಲ್ಲ."

ಇನ್ನೇನು ಒಪ್ಪಿದರು ಎಂದುಕೊಂಡೆ. ಬಾಗಿಲ ಹತ್ತಿರ ಸೆಲ್ವಿ ಬಂದು ನಿಂತಿದ್ದಳು. ಅಧ್ಯಕ್ಷರು ಎಲೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮನುಷ್ಯ ಒಳಗೊಳಗೇ ಒದ್ದಾಡುತ್ತಿದ್ದದ್ದು ಕಾಣುತ್ತಿತ್ತು.

"ನೀವು ಹೇಳೋದ್ರಲ್ಲಿ ವಿಷಯ ಇದೆ" ಎಂದರು ಕೊನೆಗೆ. "ಇಲ್ಲ ಅನ್ನಲ್ಲ. ಆದ್ರೆ ಮೀಟಿಂಗ್ ಮುಗಿದೋಗಿದೆ. ಅವಸರದಲ್ಲಿ ಬೇಡ. ನಾನೂ ಸ್ವಲ್ಪ ಯೋಚನೆ ಮಾಡ್ತೀನಿ. ಮುಂದಿನ ಮೀಟಿಂಗ್‌ನಲ್ಲಿ ಇದನ್ನೇ ಮೊದಲು ತಗೊಳ್ಳೋಣ. ಆಗ್ಬಹುದಾ ಅಮ್ಮಾ?"

"ಮುಂದಿನ ಮೀಟಿಂಗ್ ಯಾವಾಗ ಸಾರ್?"

"ಪರೀಕ್ಷೆ ಎಲ್ಲ ಮುಗೀಲಿ."

"ಈಗ ತೊಟ್ಟಿಯಲ್ಲಿರೋದು?"

ಅವರು ನನ್ನ ಮುಖ ನೋಡಲಿಲ್ಲ. ಪಶುವೈದ್ಯರಿಗೆ ಎಲ್ಲಿಂದಲೋ ಫೋನ್ ಬಂತು, ಯಾರದೋ ಎಮ್ಮೆ ಕರು ಹಾಕಲಾರದೆ ಕಷ್ಟಪಡುತ್ತಿದೆಯಂತೆ, ಹೊರಟರು. ಸೆಲ್ವಿ ಬಾಗಿಲಲ್ಲಿ ಇರಲಿಲ್ಲ.

ಜಗಳ ಆಡಬೇಕಿತ್ತು ಎನ್ನುತ್ತೀರಿ. ಮೇಜು ಗುದ್ದಬೇಕಿತ್ತು, ರಾಜೀನಾಮೆ ಎಸೆಯಬೇಕಿತ್ತು. ಕೆಟ್ಟವರಾಗಿದ್ದರೆ ಮಾಡುತ್ತಿದ್ದೆ. ಕೆಟ್ಟವರ ಜೊತೆ ಜಗಳ ಸುಲಭ. ಒಳ್ಳೆಯವರು, ಅತ್ತೂ ಬಿಟ್ಟರು, ಯೋಚನೆ ಮಾಡುತ್ತೇನೆ ಎಂದೂ ಹೇಳಿಬಿಟ್ಟರು, ನನ್ನನ್ನು ಬಸ್ ಸ್ಟಾಪಿಗೆ ತಮ್ಮ ಕಾರಿನಲ್ಲೇ ಬಿಟ್ಟರು. ದಾರಿಯಲ್ಲಿ ತಮ್ಮ ಅಡಿಕೆ ತೋಟದ ಬಗ್ಗೆ ಹೇಳಿದರು. ಈ ಸಲ ಮಳೆಗೆ ಮೊದಲೇ ಔಷಧಿ ಹೊಡೆಸಬೇಕಂತೆ, ಆಳು ಸಿಗುತ್ತಿಲ್ಲವಂತೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಇಂಥವರ ಎದುರು ಗಂಟಲು ಏರಿಸುವುದಕ್ಕೆ ಬೇಕಾದ ಶಕ್ತಿ ನನ್ನಲ್ಲಿ ಯಾವತ್ತೋ ಖಾಲಿಯಾಗಿದೆ.

ವಾಪಸ್ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದರಲ್ಲೂ ಖುಷಿ ಇರಲಿಲ್ಲ. ಆ ಹುಡುಗಿಗೆ, "ಎತ್ತಿಬಿಡು, ಯಾರಿಗೂ ಹೇಳ್ಬೇಡ" ಎಂದು ಕಿವಿಯಲ್ಲಿ ಹೇಳಿ ಬರಬಹುದಿತ್ತಲ್ಲ ಎಂದು ಅನ್ನಿಸಿತು. ಆಮೇಲೆ, ಹಾಗೆ ಮಾಡಿದ್ದರೆ ಅವಳ ಇಷ್ಟು ದಿನದ ಕೆಲಸ ನಿಯಮ ಮುರಿದ ಕೆಲಸವಾಗುತ್ತಿತ್ತು, ಅವಳ ಪಿಎಚ್‌ಡಿಗೇ ಕುತ್ತು ಬರುತ್ತಿತ್ತು ಎಂದೂ ಅನ್ನಿಸಿತು. ದಯೆ ತೋರಿಸಲು ಕಳ್ಳತನ ಮಾಡಬೇಕಾದ ಸ್ಥಿತಿಗೆ ಒಂದು ಹುಡುಗಿಯನ್ನು ತಂದು ನಿಲ್ಲಿಸಿ, ಅದಕ್ಕೆ ನಾವು ನೀತಿಯ ಕಮಿಟಿ ಎಂದು ಹೆಸರಿಟ್ಟಿದ್ದೇವೆ. ನಾನು ಅದರ ಮೆಂಬರ್.

ಶುಕ್ರವಾರ ಸಂಜೆ ದೋಸೆಗೆ ಅಕ್ಕಿ ರುಬ್ಬುತ್ತಿದ್ದಾಗ ಸೆಲ್ವಿಯ ಫೋನ್ ಬಂತು. ಗ್ರೈಂಡರ್ ನಿಲ್ಲಿಸಿ ಎತ್ತಿಕೊಂಡೆ.

"ಹೋಯ್ತು ಮೇಡಂ. ಇವತ್ತು ಮಧ್ಯಾಹ್ನ."

"ನೀನು ಊಟ ಮಾಡಿದ್ಯಾ?"

"ಇಲ್ಲ. ಮಾಡ್ತೀನಿ." ಆಮೇಲೆ ತಾನೇ ಹೇಳಿದಳು. "ಎಣ್ಣೆಗೆ ಒಪ್ಪಿಗೆ ಕೊಡದಿದ್ರೆ ಎರಡನೇ ಸುತ್ತು ನಾನು ಮಾಡಲ್ಲ ಅಂತ ಅಧ್ಯಕ್ಷರ ಹತ್ರಾನೇ ಹೇಳಿದೆ ಮೇಡಂ. ಬೇಕಿದ್ರೆ ಪಿಎಚ್‌ಡಿ ಬಿಡ್ತೀನಿ. ಸಾರ್ ತುಂಬಾ ಬೇಜಾರು ಮಾಡ್ಕೊಂಡ್ರು. ನಿನ್ನ ಮನಸ್ಸು ಗಟ್ಟಿಯಿಲ್ಲ, ಈ ಫೀಲ್ಡಿಗೆ ಆಗಲ್ವೇನೋ ನೋಡಮ್ಮಾ ಅಂದ್ರು."

ಮೊದಲು ಊಟ ಮಾಡು ಎಂದೆ.

ಮುಂದಿನ ಮೀಟಿಂಗ್‌ಗೆ ನಾನು ಹೋಗುತ್ತೇನೆ. ಈ ಸಲ ಬಾಯಿ ಮುಚ್ಚಿ ಕೂರುವುದಿಲ್ಲ. ಅಧ್ಯಕ್ಷರು ಒಪ್ಪಿಯೂ ಒಪ್ಪಬಹುದು, ಅವರ ಮನಸ್ಸು ಮೃದು. ಕಾಲೇಜಿನ ಹೆಸರಿಗಂತೂ ಯಾವ ಕಳಂಕವೂ ಬಂದಿಲ್ಲ. ಆ ಕೊನೆಯ ತೊಟ್ಟಿಯ ಮೀನನ್ನು ನಮ್ಮಲ್ಲಿ ಯಾರೂ ಕೊಲ್ಲಲಿಲ್ಲ. ಸಾಯುವುದಕ್ಕೆ ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು, ಅಷ್ಟೇ.